ಹಸಿ ಕಡತ, ಒಣಗಿದ ಡಿಸ್ಕು ಮತ್ತು ಕಲ್ಲಪ್ಪನ ಹೆಸರು

“ಹಸೀದನ್ನ ಹಂಗೇ ಇಟ್ರೆ ಕೆಡುತ್ತೆ ಕಣೇ, ಒಣಗಿಸಿ ಇಡ್ಬೇಕು.” ನನ್ನ ಬಾಲ್ಯವೆಲ್ಲ ಅಮ್ಮನ ಈ ಒಂದು ಮಾತಿನ ಆಳ್ವಿಕೆಯಲ್ಲಿ ಕಳೆಯಿತು. ಮುಳಬಾಗಿಲಿನ ನಮ್ಮ ಮನೆಯ ತಾರಸಿಯ ಮೇಲೆ ಹುಣಸೆಹಣ್ಣು, ಮೆಣಸಿನಕಾಯಿ, ಅವರೆಕಾಳು, ಸಂಡಿಗೆ ಇವುಗಳಲ್ಲಿ ಒಂದಾದರೂ ಇಲ್ಲದ ದಿನವನ್ನು ನಾನು ನೋಡಿಲ್ಲ. ಕನ್ನಡ ಎಂ.ಎ. ಮುಗಿಯುವವರೆಗೂ ಆ ಮಾತನ್ನು ಪ್ರಶ್ನಿಸುವ ಅಗತ್ಯ ನನಗೆ ಬರಲಿಲ್ಲ. ಅನಂತರ ನಾನು ಸೇರಿಕೊಂಡ ಕೆಲಸದಲ್ಲಿ ಮೊದಲ ಪಾಠವೇ ಅದಕ್ಕೆ ತಿರುಗುಮುರುಗಾಗಿತ್ತು: ಉಳಿಯಬೇಕಾದರೆ ಹಸಿಯಾಗಿಯೇ ಇಡಬೇಕು.

ಕೆಲಸ ಇಷ್ಟೇ. ಕೋಲಾರದಲ್ಲಿ ನಿವೃತ್ತರಾಗಿರುವ ಕನ್ನಡ ಮೇಷ್ಟ್ರೊಬ್ಬರಿಗೆ, ಸುತ್ತಲಿನ ತಾಲ್ಲೂಕುಗಳ ವೀರಗಲ್ಲುಗಳೂ ಶಾಸನಗಳೂ ಸವೆದು ಹೋಗುವ ಮೊದಲು ಅವುಗಳ ಚಿತ್ರ ತೆಗೆಸಿಡಬೇಕೆಂಬ ಹಂಬಲ. ಆ ಹಂಬಲ ಅಂಟುರೋಗದಂತೆ ನನಗೂ ತಗುಲಿತು. ಕ್ಯಾಮೆರಾ ನಮ್ಮಿಬ್ಬರಲ್ಲಿ ಯಾರಿಗೂ ಬಾರದ ವಿದ್ಯೆಯಾದ್ದರಿಂದ, ಮಾಲೂರಿನಲ್ಲಿ ಮದುವೆ ಸ್ಟುಡಿಯೋ ನಡೆಸುವ ಒಬ್ಬರನ್ನು ಮೇಷ್ಟ್ರು ಒಪ್ಪಿಸಿದರು. ಅವರಿಗೆ ಬಿಡುವು ಸಿಗುವುದು ಆಷಾಢದಲ್ಲಿ. ಮದುವೆಗಳಿಗೆ ಒಲ್ಲದ ಮಾಸವೇ ಹೀಗೆ ನಮ್ಮ ವೀರರಿಗೆ ಶುಭಮಾಸವಾಯಿತು. ಒಬ್ಬರು ಓದುವವರು, ಒಬ್ಬರು ಹಿಡಿಯುವವರು, ಒಬ್ಬಳು ಪಟ್ಟಿ ಬರೆಯುವವಳು. ಇಷ್ಟು ಜನ ಸೇರಿದ ಮೇಲೆ ನಗುವ ಪ್ರಸಂಗಗಳು ನಮ್ಮ ವಿಳಾಸ ಕೇಳಿಕೊಂಡು ಬರಬೇಕಾಗಿಲ್ಲ. ಅವು ನಾವು ಹೊರಡುವ ಮೊದಲೇ ಕಾರಿನಲ್ಲಿ ಕೂತಿರುತ್ತವೆ.

೧. ಹಸಿದವರು ಯಾರು?

ಮೊದಲ ದಿನವೇ ಸ್ಟುಡಿಯೋದವರು ನನಗೆ ಪಾಠ ಹೇಳಿದರು. ಕ್ಯಾಮೆರಾ ಚಿತ್ರವನ್ನು ಎರಡು ಬಗೆಯಲ್ಲಿ ಇಡಬಲ್ಲದು. ಒಂದು ಜೆಪೆಗ್. ಅದರಲ್ಲಿ ಬಣ್ಣ, ಬೆಳಕು, ನೆರಳು ಎಲ್ಲವನ್ನೂ ಕ್ಯಾಮೆರಾವೇ ತೀರ್ಮಾನಿಸಿ, ಬೇಡವೆನಿಸಿದ್ದನ್ನು ಬಿಸಾಡಿ, ಬೇಯಿಸಿ ಬಡಿಸುತ್ತದೆ. ಇನ್ನೊಂದು ರಾ. ಅದರಲ್ಲಿ ಬಿದ್ದ ಬೆಳಕೆಲ್ಲ ಬಿದ್ದ ಹಾಗೆಯೇ ಇರುತ್ತದೆ. ನೋಡಲು ಮಂಕು, ಗಾತ್ರದಲ್ಲಿ ಭಾರಿ, ತೆರೆಯಲು ಬೇರೆಯ ತಂತ್ರಾಂಶ ಬೇಕು. ಆದರೆ ನೆರಳಿನಲ್ಲಿ ಅಡಗಿದ ಒಂದು ಗೀರನ್ನೂ ಅದು ಕಳೆಯುವುದಿಲ್ಲ.

ಸವೆದ ಅಕ್ಷರಗಳಿಗೆ ಇದಕ್ಕಿಂತ ಬೇರೇನು ಬೇಕು? ನನಗೆ ರೋಮಾಂಚನವಾಯಿತು. ಕನ್ನಡದ ಕೆಲಸಕ್ಕೆ ಕನ್ನಡದ ಹೆಸರೇ ಇರಬೇಕೆಂದು ನಾನು ಆ ಕ್ಷಣವೇ “ಹಸಿ ಕಡತ” ಎಂಬ ಪದವನ್ನು ಟಂಕಿಸಿ, ಮೇಷ್ಟ್ರ ಅನುಮೋದನೆ ಪಡೆದು, ಮೂವರೂ ಇನ್ನು ಮುಂದೆ ಅದನ್ನೇ ಬಳಸತಕ್ಕದ್ದೆಂದು ಪ್ರಕಟಿಸಿದೆ.

ಸ್ಟುಡಿಯೋದವರು ಸ್ವಲ್ಪ ಹೊತ್ತು ಯೋಚಿಸಿದರು. “ಹಸಿದಿರೋ ಕಡತಾನಾ ಮೇಡಂ?”

“ಹಸಿದಿರುವುದಲ್ಲ. ಹಸಿ. ಬೇಯದ್ದು.”

“ಇಲ್ಲ ಮೇಡಂ, ನಾನು ಫಸ್ಟ್ ಕೇಳಿದ್ದೇ ಕರೆಕ್ಟು. ಒಂದೊಂದು ಮದ್ವೆಗೆ ಒಂದೊಂದು ಡಿಸ್ಕೇ ತಿಂದ್ಹಾಕ್ತವೆ. ಹಸಿದಿರ್ದೆ ಯಾರು ಹಂಗೆ ತಿಂತಾರೆ?”

೨. ಸುಡದ ಇಟ್ಟಿಗೆ

ಮಾಲೂರಿನ ಹತ್ತಿರ ಇಟ್ಟಿಗೆ ಗೂಡೊಂದರ ಆವರಣದಲ್ಲಿ ಒಂದು ತುಂಡು ಶಾಸನವಿದೆಯೆಂದು ಕೇಳಿ ಹೋದೆವು. ಗೂಡಿನ ಯಜಮಾನರು ಸಜ್ಜನರು. ಚಿತ್ರ ತೆಗೆದ ಮೇಲೆ ತಮಗೂ ತೋರಿಸಬೇಕೆಂದರು. ಸ್ಟುಡಿಯೋದವರು ಲ್ಯಾಪ್‌ಟಾಪಿನಲ್ಲಿ ಹಸಿ ಕಡತವನ್ನೇ ತೆರೆದರು. ಬೂದಿ ಬಣ್ಣದ, ಜೀವವಿಲ್ಲದ ಒಂದು ಕಲ್ಲು ಕಾಣಿಸಿತು.

ಯಜಮಾನರ ಮುಖ ಇಳಿಯಿತು. “ಇದೇನ್ ಸಾರ್ ಹಿಂಗೆ? ನಮ್ಮ ಹಸಿ ಇಟ್ಟಿಗೆ ಇದ್ದಂಗಿದೆ!”

ಹಸಿ ಇಟ್ಟಿಗೆ! ನನ್ನ ಪದಕ್ಕೆ ಲೋಕದಲ್ಲಿ ದೊರೆತ ಮೊದಲ ಸಮರ್ಥನೆ ಅದು. ಅವರು ಅಚ್ಚು ಹಾಕಿ ಇನ್ನೂ ಸುಡದಿರುವ ಇಟ್ಟಿಗೆಗೆ ಅದೇ ಹೆಸರು. ನಾನು ಉತ್ಸಾಹದಿಂದ ವಿವರಿಸತೊಡಗಿದೆ: ಹಸಿಯಾಗಿದ್ದಾಗ ಬೇಕಾದಂತೆ ತಿದ್ದಬಹುದು, ಸುಟ್ಟ ಮೇಲೆ ತಿದ್ದಲಾಗದು, ನಮ್ಮದೂ ಅದೇ ತತ್ತ್ವ, ಆದ್ದರಿಂದ ನಾವು ಇವನ್ನು ಸುಡದೆ ನೂರಾರು ವರ್ಷ ಹಾಗೆಯೇ ಇಡುತ್ತೇವೆ.

ಅವರು ಪೂರ್ತಿ ಕೇಳಿದರು. ಆಮೇಲೆ ಆಕಾಶವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಬಹಳ ಕನಿಕರದಿಂದ ಹೇಳಿದರು: “ಒಂದು ಟಾರ್ಪಾಲು ಕೊಡ್ಲಾಮ್ಮಾ?”

೩. ಕಲ್ಲಪ್ಪ ಕಾರ್ಡಿನೊಳಗೆ ಬಂದದ್ದು

ಇನ್ನು ಮುಂದಿನ ಎಲ್ಲ ಪ್ರಸಂಗಗಳಿಗೂ ಮೂಲವಾದ ಕಲ್ಲು ಇರುವುದು ಶ್ರೀನಿವಾಸಪುರದ ಕಡೆ, ಒಂದು ರೈತ ಕುಟುಂಬದ ಮಾವಿನ ತೋಪಿನಲ್ಲಿ. ಸೊಂಟದೆತ್ತರದ ವೀರಗಲ್ಲು. ಕತ್ತಿ ಹಿಡಿದ ಒಬ್ಬ ಮನುಷ್ಯ, ಅವನ ಹಿಂದೆ ನಾಲ್ಕು ದನ, ಕೆಳಗೆ ಸವೆದ ಕೆಲವು ಸಾಲುಗಳು. ಮನೆಯವರು ಅದನ್ನು ತಮ್ಮ ಹಿರಿಯನೆಂದು ನಂಬಿ ‘ಕಲ್ಲಪ್ಪ’ ಎಂದು ಕರೆಯುತ್ತಾರೆ. ದಿನವೂ ದೀಪ ಹಚ್ಚುವವರು ಆ ಮನೆಯ ಅಜ್ಜಿ. ಅವರ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಯಾವುದು ಎಲ್ಲಿ ಮುಗಿಯುತ್ತದೆಂದು ಅವರಿಗೇ ಗೊತ್ತಿರಲಾರದು.

ಅಜ್ಜಿಗೆ ಮಾತ್ರ ನಾನು ಹಸಿ ಕಡತವನ್ನು ವಿವರಿಸಬೇಕಾಗಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು ತೋಪಿನತ್ತ ಕೈ ತೋರಿಸಿದರು.

“ಗೊತ್ತಾಯ್ತು ಬಿಡು ಅಮ್ಮಾಯೀ. ಕಾಯಿ ಇದ್ರೆ ಉಪ್ಪಿನಕಾಯಿ ಹಾಕ್ಬೋದು, ಗೊಜ್ಜು ಮಾಡ್ಬೋದು, ಬೇಳೆ ಪಪ್ಪುಗೆ ಹಾಕ್ಬೋದು. ಹಣ್ಣಾದ್ರೆ ತಿನ್ನೋದೊಂದೇ. ಅಷ್ಟೇ ಅಲ್ವಾ?”

ಅಷ್ಟೇ. ಡಿಜಿಟಲ್ ಛಾಯಾಗ್ರಹಣದ ಕುರಿತು ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನವನ್ನು ನಾನು ಈವರೆಗೆ ಓದಿಲ್ಲ.

ಆಮೇಲೆ ಅಜ್ಜಿ ನನ್ನ ಕೈ ಹಿಡಿದುಕೊಂಡರು. “ತಲ್ಲೀ, ಒಂದು ಕೆಲಸ ಮಾಡ್ಕೊಡು. ಮದ್ವೆ ಆಗಿ ಬಂದಾಗಿಂದ ಈಯಪ್ಪನಿಗೆ ದೀಪ ಹಚ್ತಾ ಇದೀನಿ. ಹೆಸರು ಗೊತ್ತಿಲ್ಲ. ಕಲ್ಲಪ್ಪಾ ಅಂದ್ರೆ ಕಲ್ಲನ್ನ ಕರ್ದಂಗಾಯ್ತು, ಮನುಷ್ಯನ್ನ ಕರ್ದಂಗಾಯ್ತಾ? ಅಲ್ಲಿ ಏನೋ ಬರ್ದವ್ರೆ. ನನ್ನ ಮೊಮ್ಮಗನ ಹೆಂಡ್ತಿ ಬಸ್ರಿ. ಮಗೂಗೆ ಈಯಪ್ಪನ ಹೆಸರೇ ಇಡ್ಬೇಕು ಅಂತಿದೀನಿ. ಓದಿ ಹೇಳ್ತೀಯಾ?”

ಹೆಣ್ಣಾದರೆ ಏನು ಮಾಡುತ್ತೀರೆಂದು ನಾನು ಕೇಳಲಿಲ್ಲ. ನಾಮಕರಣದ ಹೊತ್ತಿಗೆ ಖಂಡಿತ ಹೇಳುತ್ತೇನೆಂದು ಮಾತು ಕೊಟ್ಟೆ.

ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳ ಗೀರುಗಳಲ್ಲಿ ನೆರಳು ತುಂಬಿದಾಗ ಸ್ಟುಡಿಯೋದವರು ಚಿತ್ರ ತೆಗೆದರು. ಅವರ ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡು. ಒಂದೇ ಚಿತ್ರ ಎರಡರಲ್ಲೂ ಬೀಳುತ್ತದೆ. ಜಗಲಿಯ ಮೇಲೆ ಮಜ್ಜಿಗೆ ಕುಡಿಯುತ್ತಾ ಅವರು ಕಾರ್ಡುಗಳನ್ನು ಹೊರತೆಗೆದು, ಒಂದನ್ನು ಅಜ್ಜಿಯ ಕಣ್ಣೆದುರು ಹಿಡಿದು, “ನೋಡಜ್ಜಿ, ನಿಮ್ಮ ಕಲ್ಲಪ್ಪ ಇದರೊಳಗೆ ಬಂದ್ಬಿಟ್ಟ” ಎಂದರು.

ಅಜ್ಜಿ ಎರಡೂ ಕೈ ಜೋಡಿಸಿ ಆ ಉಗುರಿನಗಲದ ಕಾರ್ಡಿಗೆ ನಮಸ್ಕಾರ ಮಾಡಿದರು.

ಹಿಂದಿರುಗುವಾಗ ಕಾರಿನಲ್ಲಿ ಸ್ಟುಡಿಯೋದವರು ಜೇಬುಗಳನ್ನೆಲ್ಲ ತಡಕಾಡಿದರು. “ಒಂದು ಕಾರ್ಡು ಕಾಣ್ತಿಲ್ಲವಲ್ಲ ಮೇಡಂ.” ಆಮೇಲೆ ತಾವೇ ಸಮಾಧಾನ ಹೇಳಿಕೊಂಡರು: “ಹೋಗ್ಲಿ ಬಿಡಿ, ಇನ್ನೊಂದ್ರಲ್ಲಿ ಎಲ್ಲಾ ಇದೆ. ಎರಡಿರೋದೇ ಒಂದು ಕಳ್ಕೊಳ್ಳೋಕೆ.”

೪. ವೀರನಿಗೆ ಫೇಶಿಯಲ್

ಒಂದು ವಾರದ ನಂತರ ಸ್ಟುಡಿಯೋದವರು ಎಲ್ಲ ಚಿತ್ರಗಳ ಜೆಪೆಗ್ ಪ್ರತಿಗಳನ್ನು ಮೊದಲು ಕಳುಹಿಸಿದರು. ಮೇಷ್ಟ್ರು ಕೋಲಾರದ ತಮ್ಮ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಭೂತಗನ್ನಡಿ ಹಿಡಿದು ಕೂತಿದ್ದರು. ಪರದೆಯನ್ನೇ ದೊಡ್ಡದು ಮಾಡಬಹುದೆಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಅವರಿಗೆ ಭೂತಗನ್ನಡಿಯ ಮೇಲಿನ ನಂಬಿಕೆ ಕಂಪ್ಯೂಟರಿನ ಮೇಲಿಲ್ಲ.

“ಏನಮ್ಮಾ ಇದು? ಅಕ್ಷರಗಳೇ ಇಲ್ಲವಲ್ಲ!”

ನಾನು ಬಗ್ಗಿ ನೋಡಿದೆ. ಕಲ್ಲಪ್ಪ ಹೊಳೆಯುತ್ತಿದ್ದ. ಶತಮಾನಗಳ ಗಾಳಿ ಮಳೆ ಬಿಸಿಲುಗಳ ಗುರುತೆಲ್ಲ ಮಾಯವಾಗಿ, ಕೆನ್ನೆ ಬೆಣ್ಣೆಯಂತೆ ನುಣುಪಾಗಿತ್ತು. ದನಗಳ ಮೈಯೂ ನುಣುಪು. ಕೆಳಗಿನ ಸಾಲುಗಳಿದ್ದ ಜಾಗವಂತೂ ಈಗತಾನೆ ಗಾರೆ ಮಾಡಿಸಿದ ಗೋಡೆಯಂತಿತ್ತು.

ಸ್ಟುಡಿಯೋದವರಿಗೆ ಫೋನ್ ಮಾಡಿದೆ.

“ಹೌದು ಮೇಡಂ, ಸ್ಕಿನ್ ಸ್ಮೂತ್ ಆಟೋಮ್ಯಾಟಿಕ್ ಆಗಿ ಆಗೋಗುತ್ತೆ. ಮದುವೆ ಹೆಣ್ಣುಗಳಿಗೆ ಅಂತ ಇಟ್ಟಿರೋ ಸೆಟ್ಟಿಂಗು. ಯಾಕೆ, ಚೆನ್ನಾಗಿಲ್ವಾ?”

“ಅಕ್ಷರಗಳು ಹೋಗಿವೆ!”

“ಅಕ್ಷರಾನಾ? ಅದು ಮೊಡವೆ ಕಲೆ ಅಂದ್ಕೊಂಡಿರುತ್ತೆ ಮೇಡಂ.”

ಅಷ್ಟರಲ್ಲಿ ಮೇಷ್ಟ್ರು ಹರ್ಷದಿಂದ ಕೂಗಿದರು. ಕೊನೆಯ ಸಾಲಿನ ಜಾಗದಲ್ಲಿ ಏನೋ ಬರಹ ಕಾಣುತ್ತಿದೆ! ಭೂತಗನ್ನಡಿಯನ್ನು ಹತ್ತಿರ ತಂದು, ದೂರ ಒಯ್ದು, ಉಸಿರು ಬಿಗಿಹಿಡಿದು ಓದಿದರು. ಅದು ಮಾಲೂರಿನ ಸ್ಟುಡಿಯೋದ ಹೆಸರು, ಅದರ ಕೆಳಗೆ “ಮದುವೆ, ಮುಂಜಿ, ಸೀಮಂತ ಕಾರ್ಯಗಳಿಗೆ ಸಂಪರ್ಕಿಸಿ”. ತಾವು ತೆಗೆದ ಪ್ರತಿಯೊಂದು ಚಿತ್ರದ ಮೇಲೂ ಅವರು ಹಾಕುವ ವಾಟರ್‌ಮಾರ್ಕು.

“ಕಲ್ಲಿನ ಮೇಲೆ ನಿಮ್ಮ ಹೆಸರೇಕೆ?” ಎಂದು ನಾನು ಕಠಿಣವಾಗಿಯೇ ಕೇಳಿದೆ.

“ಕೆಲಸ ಮಾಡಿದೋನ ಹೆಸರು ಬೇಡ್ವಾ ಮೇಡಂ?”

ಇರಲಿ, ಹಸಿ ಕಡತಗಳಿವೆಯಲ್ಲ, ಅವುಗಳಲ್ಲಿ ಫೇಶಿಯಲ್ಲೂ ಇಲ್ಲ, ವಾಟರ್‌ಮಾರ್ಕೂ ಇಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವುಗಳನ್ನು ಕೂಡಲೇ ಎರಡು ಹಾರ್ಡ್ ಡಿಸ್ಕುಗಳಲ್ಲಿ ತುಂಬಿಸಿ ಕೊಡಲು ಹೇಳಿದೆ. ಒಂದು ಮೇಷ್ಟ್ರಿಗೆ, ಒಂದು ನನಗೆ. ಕೊಡುವಾಗ ಅವರು ಹೆಮ್ಮೆಯಿಂದ ಹೇಳಿದರು: “ನನ್ನ ಕಡೆ ಇದ್ದಿದ್ದೆಲ್ಲ ಕ್ಲೀನ್ ಮಾಡ್ಬಿಟ್ಟೆ ಮೇಡಂ. ಆಲ್ಬಂ ಕೊಟ್ಮೇಲೆ ರಾ ಇಟ್ಕೊಳ್ಳೋದು ನಮ್ಮ ಲೈನಲ್ಲಿ ಪದ್ಧತಿ ಇಲ್ಲ.”

೫. ಗಲಗಲ

ಡಿಸ್ಕನ್ನು ನಾನು ಮುಳಬಾಗಿಲಿಗೆ ತಂದು, ಅದರ ಮೇಲೊಂದು ಚೀಟಿ ಅಂಟಿಸಿ, ದುಂಡಗಿನ ಅಕ್ಷರಗಳಲ್ಲಿ ಬರೆದೆ: “ಹಸಿ ಚಿತ್ರಗಳು. ದೀರ್ಘಕಾಲ ಕೆಡದಂತೆ ಇಡತಕ್ಕದ್ದು.” ಅದನ್ನು ನನ್ನ ಮೇಜಿನ ಮೇಲಿಟ್ಟು, ಕುರುಡುಮಲೆಯ ಆಚೆಗಿನ ಒಂದು ಶಾಸನದ ಪಟ್ಟಿ ಮಾಡಲು ಎರಡು ದಿನ ಹೋಗಿದ್ದೆ.

ಹಿಂದಿರುಗಿ ಬಂದಾಗ ಮೇಜು ಖಾಲಿ.

“ಅಮ್ಮಾ, ಇಲ್ಲಿದ್ದ ಕಪ್ಪು ಡಬ್ಬಿ?”

“ತಾರಸಿ ಮೇಲಿದೆ.”

ಓಡಿದೆ. ಅವರೆಕಾಳಿಗೂ ಹುಣಸೆಹಣ್ಣಿಗೂ ನಡುವೆ, ಒಂದು ಹಳೆಯ ಪಂಚೆಯ ತುಂಡಿನ ಮೇಲೆ, ಕಾಗೆ ಮುಟ್ಟದಂತೆ ತೆಳುವಾದ ಬಟ್ಟೆ ಹೊದ್ದು, ನನ್ನ ಡಿಸ್ಕು ಮಲಗಿತ್ತು.

ಅಮ್ಮ ಹಿಂದೆಯೇ ಮೆಟ್ಟಿಲು ಹತ್ತಿ ಬಂದಳು. “ಹಸಿ ಅಂತ ಬರ್ದಿದ್ದೆ. ಮುಟ್ಟಿ ನೋಡಿದ್ರೆ ಒಣಗೇ ಇತ್ತು. ಆದ್ರೂ ಓದಿದೋಳು ಬರ್ದಿದೀಯಾ ಅಂದ್ಮೇಲೆ ಒಳಗೆಲ್ಲೋ ಹಸಿ ಇರ್ಬೇಕು ಅಂತ ತಂದು ಹಾಕ್ದೆ. ಧೂಳು ಕೂತಿತ್ತು, ಮೊದ್ಲು ತೊಳೆದೆ.”

“ತೊಳೆದೆಯಾ?”

“ಎರಡು ನೀರಲ್ಲಿ. ಬೆಳಗ್ಗಿಂದ ಮೂರು ಸಲ ಮಗ್ಗುಲು ಬದಲಾಯಿಸಿದೀನಿ.”

ಅಮ್ಮನನ್ನು ಗದರಲು ನನಗೆ ನೈತಿಕ ಅಧಿಕಾರವಿರಲಿಲ್ಲ. ಚೀಟಿಯಲ್ಲಿ ಬರೆದಿದ್ದ ಎರಡು ವಾಕ್ಯಗಳನ್ನು ಅವಳು ಅಕ್ಷರಶಃ ಪಾಲಿಸಿದ್ದಳು. ತಪ್ಪು ಇದ್ದದ್ದು ನನ್ನ ಪದದಲ್ಲಿ.

ಅಮ್ಮ ಡಿಸ್ಕನ್ನು ಕೈಗೆತ್ತಿಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಏನೋ ಸದ್ದಾಯಿತು. ಅವಳ ಮುಖ ಅರಳಿತು.

“ಕೇಳಿಸ್ತಾ? ಗಲಗಲ ಅಂತಿದೆ. ಇನ್ನು ಎಷ್ಟು ವರ್ಷ ಬೇಕಾದ್ರೂ ಇಡು.”

೬. ಪಾಠಾಂತರ

ಉಳಿದದ್ದು ಮೇಷ್ಟ್ರ ಡಿಸ್ಕು. ಮರುದಿನ ಮೊದಲ ಬಸ್ಸಿಗೇ ಕೋಲಾರಕ್ಕೆ ಹೋದೆ. ಮೇಷ್ಟ್ರು ನಿರಾಳವಾಗಿದ್ದರು. ಡಿಸ್ಕು ಬೀರುವಿನಲ್ಲಿ ರೇಷ್ಮೆ ವಸ್ತ್ರದಲ್ಲಿ ಸುತ್ತಿ, ನುಸಿಗುಳಿಗೆಗಳ ನಡುವೆ ಭದ್ರವಾಗಿತ್ತು. ಅದನ್ನು ಕಂಪ್ಯೂಟರಿಗೆ ಜೋಡಿಸಿದರೆ ಒಂದು ಕಡತವೂ ತೆರೆಯುತ್ತಿಲ್ಲ. ಹೆಸರುಗಳನ್ನು ನೋಡಿದೆ. ಪ್ರತಿಯೊಂದು ಕಡತದ ಕೊನೆಯಲ್ಲಿ, ಚುಕ್ಕೆಯ ಮುಂದೆ ಇಂಗ್ಲಿಷಿನ ಮೂರು ಅಕ್ಷರ ಇರಬೇಕಾದ ಕಡೆ, ಅಚ್ಚಗನ್ನಡದಲ್ಲಿ “ಹಸಿ” ಎಂದಿತ್ತು.

“ಹೇಗಿದೆ?” ಎಂದರು ಮೇಷ್ಟ್ರು. “ನಿನ್ನ ಪದ ಬರಿಯ ಮಾತಿನಲ್ಲೇ ಉಳಿಯಬಾರದು ಅಂತ ನಾಲ್ಕು ದಿನ ಕೂತು ಒಂದೊಂದಾಗಿ ತಿದ್ದಿದೆ. ಪ್ರತಿ ಸಲವೂ ಕಂಪ್ಯೂಟರು ಅದೇನೋ ಇಂಗ್ಲಿಷಿನಲ್ಲಿ ಹೆದರಿಸುತ್ತಿತ್ತು. ನಾನು ಜಗ್ಗಲಿಲ್ಲ.”

ಇದು ಸರಿಪಡಿಸಬಹುದಾದ ತಪ್ಪು. ಹೆಸರಿನ ಬಾಲವನ್ನು ಮೊದಲಿನಂತೆ ಮಾಡಿದರೆ ಸಾಕು, ಕಡತ ತೆರೆಯುತ್ತದೆ. ಕೆಲವನ್ನು ತಿದ್ದಿ ನೋಡಿದೆ, ತೆರೆದವು. ಜೀವ ಬಂದಂತಾಯಿತು. ಕಲ್ಲಪ್ಪನ ಕಡತವನ್ನು ಹುಡುಕಿದೆ. ಅದರ ಫೋಲ್ಡರಿನಲ್ಲಿ ನುಣುಪು ಕೆನ್ನೆಯ ಜೆಪೆಗ್ ಮಾತ್ರ ಇತ್ತು.

“ಸಾರ್, ಶ್ರೀನಿವಾಸಪುರದ್ದು ಇನ್ನೊಂದು ಇತ್ತಲ್ಲ?”

“ಹೌದಮ್ಮಾ, ಅದೊಂದೇ ಕಲ್ಲಿಗೆ ಎರಡೆರಡು ಪ್ರತಿ ಇದ್ದವು. ಪಾಠಾಂತರ ಯಾಕೆ ಅಂತ ಎರಡನ್ನೂ ಹೋಲಿಸಿ ನೋಡಿದೆ. ಅಕ್ಷರ ಎರಡರಲ್ಲೂ ಕಾಣಲಿಲ್ಲ. ಒಂದು ಮಂಕಾಗಿತ್ತು, ಅಶುದ್ಧ. ಇನ್ನೊಂದು ಪರಿಷ್ಕೃತ. ಪರಿಷ್ಕೃತವನ್ನು ಉಳಿಸಿಕೊಂಡೆ.”

ಸ್ಟುಡಿಯೋದವರು ನಮಗೆ ಉಪಕಾರವಾಗಲೆಂದು ಆ ಒಂದು ಕಲ್ಲಿನ ಜೆಪೆಗ್ಗನ್ನು ಹಸಿ ಕಡತದ ಪಕ್ಕದಲ್ಲೇ ಇಟ್ಟಿದ್ದರಂತೆ. ಹಸ್ತಪ್ರತಿ ಸಂಪಾದನೆಯಲ್ಲಿ ಜೀವನ ಸವೆಸಿದ ನಮ್ಮ ಮೇಷ್ಟ್ರು, ತಮ್ಮ ಬದುಕಿನಲ್ಲಿ ಒಂದೇ ಒಂದು ಸಲ ಮೂಲವನ್ನು ಬಿಸಾಡಿ ನಕಲನ್ನು ಇಟ್ಟುಕೊಂಡಿದ್ದರು. ನಾನು ವಿಷಯವನ್ನು ತಿಳಿಸಿದೆ. ಅವರು ಭೂತಗನ್ನಡಿಯನ್ನು ತೆಗೆದು ನನ್ನ ಕೈಗೆ ಕೊಟ್ಟು, “ಇದನ್ನೂ ನೀನೇ ಇಟ್ಟುಕೊ” ಎಂದರು.

೭. ಸಂಚಿ

ಮತ್ತೊಮ್ಮೆ ಹೋಗಿ ಕಲ್ಲಿನ ಚಿತ್ರ ತೆಗೆದರಾಯಿತೆಂದು ನಿಶ್ಚಯಿಸಿದೆವು. ಆದರೆ ದೀಪಾವಳಿ ಮುಗಿಯುವವರೆಗೆ ಸ್ಟುಡಿಯೋದವರಿಗೆ ಬಿಡುವು ಸಿಗಲಿಲ್ಲ. ಅಷ್ಟರಲ್ಲಿ ಅಜ್ಜಿಯ ಮೊಮ್ಮಗನ ಫೋನು ಬಂತು. ಗಂಡು ಮಗು. ಸೋಮವಾರ ನಾಮಕರಣ. “ಅಜ್ಜಿ ಎಲ್ಲಾರ್ಗೂ ಹೇಳ್ಬಿಟ್ಟವ್ಳೆ ಮೇಡಂ, ನೀವು ಬಂದು ಹೆಸರು ಓದ್ತೀರಾ ಅಂತ. ಬೇಗ ಬನ್ನಿ.”

ಬೆಳಗಿನ ಓರೆ ಬಿಸಿಲೂ ಸಂಜೆಯದರಷ್ಟೇ ಚೆನ್ನ ಎಂದು ಧೈರ್ಯ ತಂದುಕೊಂಡು ಮೂವರೂ ಸೂರ್ಯ ಹುಟ್ಟುವ ಹೊತ್ತಿಗೆ ಹೊರಟೆವು. ಮೊಮ್ಮಗ ನಮ್ಮನ್ನು ನೇರವಾಗಿ ತೋಪಿಗೇ ಕರೆದೊಯ್ದ. ಅವನ ನಡಿಗೆಯಲ್ಲಿ ಏನೋ ಸಂಭ್ರಮ.

ಕಲ್ಲಪ್ಪನಿಗೆ ಬೆಳ್ಳಿ ಬಣ್ಣ ಬಳಿದಿದ್ದರು. ಮೀಸೆ ಕಪ್ಪು, ತುಟಿ ಕೆಂಪು, ದನಗಳ ಕೊಂಬು ನೀಲಿ. ಅಕ್ಷರಗಳಿದ್ದ ಜಾಗಕ್ಕೆ ಮೂರು ಕೈ ಬಣ್ಣ ಬಿದ್ದು ಗೀರುಗಳೆಲ್ಲ ತುಂಬಿ ಹೋಗಿದ್ದವು.

“ಹೋದ್ಸಲ ನೀವು ಫೋಟೋ ತೆಗ್ದಾಗ ಕಲ್ಲು ತುಂಬಾ ಡಲ್ ಆಗಿ ಕಾಣ್ತಿತ್ತಲ್ಲ ಮೇಡಂ,” ಎಂದ ಮೊಮ್ಮಗ. “ಅದಕ್ಕೇ ದೀಪಾವಳಿಗೆ ಹೊಡ್ಸಿದ್ವಿ. ಈಗ ತೆಗೀರಿ!”

ಸ್ಟುಡಿಯೋದವರು ಕ್ಯಾಮೆರಾ ಕೆಳಗಿಳಿಸಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: “ನಾನೇ ವಾಸಿ ಮೇಡಂ. ನಾನು ಬರೀ ಫೋಟೋಗೆ ಮಾಡಿದ್ದೆ.”

ಮನೆಯ ಮುಂದೆ ಚಪ್ಪರ, ಚಪ್ಪರದ ಕೆಳಗೆ ನೆಂಟರಿಷ್ಟರು, ನಡುವೆ ತೊಟ್ಟಿಲು. ಅಜ್ಜಿ ಜಗಲಿಯ ಕಂಬಕ್ಕೊರಗಿ ಕೂತಿದ್ದರು. ನನ್ನನ್ನು ಕಂಡೊಡನೆ, “ಬಾ ತಲ್ಲೀ, ನಿನಗೋಸ್ಕರಾನೇ ಕಾಯ್ತಾ ಇದೀವಿ. ಏನಂತೆ ಹೆಸರು?” ಎಂದರು. ಚಪ್ಪರದವರೆಲ್ಲ ನಮ್ಮ ಕಡೆ ತಿರುಗಿದರು.

ನಾನು ಮೊದಲಿನಿಂದ ಎಲ್ಲವನ್ನೂ ಹೇಳಿದೆ. ನುಣುಪಾದದ್ದು, ತೊಳೆದದ್ದು, ಬಿಸಾಡಿದ್ದು. ಚಿತ್ರ ಉಳಿದಿಲ್ಲ, ಕಲ್ಲಿಗೂ ಬಣ್ಣವಾಗಿದೆ, ಕೊಟ್ಟ ಮಾತನ್ನು ಉಳಿಸಿಕೊಳ್ಳಲಾಗಲಿಲ್ಲ ಎಂದೆ. ಮೇಷ್ಟ್ರು ತಲೆ ತಗ್ಗಿಸಿದ್ದರು.

ಅಜ್ಜಿ ಗಾಬರಿಯಾಗಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಎಲೆ ಅಡಿಕೆಯ ಸಂಚಿಯನ್ನು ತೆಗೆದು ದಾರ ಸಡಿಲಿಸಿದರು. ಅಡಿಕೆ ಹೋಳು, ಸುಣ್ಣದ ಡಬ್ಬಿ, ಒಂದು ಲವಂಗ ಹೊರಬಂದವು. ಎಲ್ಲಕ್ಕಿಂತ ಒಳಗಿನ ಅರೆಯಿಂದ ಮಡಿಸಿದ ಒಂದು ಪ್ಲಾಸ್ಟಿಕ್ ಕವರು ಬಂತು. ಅದರೊಳಗೆ, ಒಂದು ಮೂಲೆಗೆ ಅರಿಶಿನ ಹಚ್ಚಿಸಿಕೊಂಡು, ಮೆಮೊರಿ ಕಾರ್ಡು.

“ಇದ್ರೊಳಗೇ ಇದಾನಲ್ಲ ಕಲ್ಲಪ್ಪ? ಆವತ್ತು ಈ ಫೋಟೋ ತೆಗ್ಯೋ ಅಪ್ಪ ಜಗಲಿ ಮೇಲೆ ಬಿಟ್ಟೋದ.”

“ಅಜ್ಜೀ!” ಸ್ಟುಡಿಯೋದವರು ಕಾರ್ಡಿಗೆ ಕೈ ಚಾಚಿದರು. “ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ನೀನು ಕೇಳಿದ್ಯಾ?”

ಸ್ಟುಡಿಯೋದವರು ಪಂಚೆಯ ತುದಿಯಿಂದ ಅರಿಶಿನ ಒರೆಸಿ, ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದರು. ಚಪ್ಪರದಲ್ಲಿದ್ದವರೆಲ್ಲ ಜಗಲಿಗೆ ಮುಗಿಬಿದ್ದರು. ಕಡತ ತೆರೆಯಿತು. ಮಂಕು ಬಣ್ಣದ, ಬೇಯದ, ಬಣ್ಣ ಬಳಿಯದ ಕಲ್ಲಪ್ಪ. ಅವರು ನೆರಳನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತಿದಂತೆ ಕತ್ತಲೆಯೊಳಗಿಂದ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ನಾನು ಭೂತಗನ್ನಡಿಯನ್ನು ಮೇಷ್ಟ್ರಿಗೆ ಹಿಂದಿರುಗಿಸಿದೆ.

ಮೇಷ್ಟ್ರು ಓದಿದರು. ಮೊದಲ ಸಾಲಿನಲ್ಲಿ ಚಕ್ಕೆ ಎದ್ದು ಹೋಗಿತ್ತು. ಹೆಸರು ಇರಬೇಕಾದ ಕಡೆ ಬರಿಯ ಗುಂಡಿ. ಎರಡನೆಯ ಸಾಲಿನಲ್ಲಿ, ತುಱುವನ್ನು ಬಿಡಿಸಿ ಸತ್ತನೆಂದಿತ್ತು. “ತುಱು ಅಂದರೆ ದನ,” ಎಂದು ಅವರು ಅಜ್ಜಿಗೆ ಬಿಡಿಸಿ ಹೇಳಿದರು. “ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ಊರಿನ ದನಗಳನ್ನು ಬಿಡಿಸಿಕೊಂಡು ಬಂದು ಪ್ರಾಣ ಬಿಟ್ಟ.” ಅಜ್ಜಿ ಕೈ ಮುಗಿದರು. ಕೊನೆಯ ಸಾಲು ಸ್ಪಷ್ಟವಾಗಿತ್ತು. ಮೇಷ್ಟ್ರು ಅದನ್ನು ಎರಡು ಸಲ ಓದಿ ನನ್ನ ಕಡೆ ನೋಡಿದರು. ನಾನೂ ಓದಿದೆ. “ಕೇತೋಜ ಮಾಡಿದ ಕಲ್ಲು.”

ಕೇತೋಜ ಸತ್ತ ವೀರನಲ್ಲ. ಕಲ್ಲನ್ನು ಕಡೆದ ಶಿಲ್ಪಿ.

“ಏನೋ ಹೆಸರು ಸಿಕ್ತಲ್ಲ?” ಎಂದರು ಅಜ್ಜಿ, ನಮ್ಮ ಮುಖ ನೋಡುತ್ತಾ.

ಮೇಷ್ಟ್ರು ದನಿ ತಗ್ಗಿಸಿ ನನಗೊಬ್ಬಳಿಗೇ ಕೇಳುವಂತೆ, “ಅದೇ ಅಂದುಬಿಡೋಣವೇನಮ್ಮಾ?” ಎಂದರು. ಒಪ್ಪಿಕೊಂಡರೆ ಎಲ್ಲವೂ ಸಲೀಸಾಗುತ್ತಿತ್ತು. ತೊಟ್ಟಿಲು ಸಿದ್ಧವಿತ್ತು, ಪಾಯಸದ ಪರಿಮಳ ಬರುತ್ತಿತ್ತು, ಅಜ್ಜಿಯ ಕಣ್ಣು ನನ್ನ ಮೇಲಿತ್ತು. ಆದರೆ ನುಣುಪು ಮಾಡಿದ್ದಕ್ಕೆ ಸ್ಟುಡಿಯೋದವರನ್ನು ಗದರಿದವಳು ನಾನೇ ಅಲ್ಲವೇ?

“ಇಲ್ಲ ಅಜ್ಜಿ,” ಎಂದೆ. “ಕಲ್ಲಪ್ಪನ ಹೆಸರಿದ್ದ ಜಾಗದಲ್ಲಿ ಕಲ್ಲೇ ಒಡೆದು ಹೋಗಿದೆ. ಅದು ಇನ್ನು ಸಿಗುವುದಿಲ್ಲ. ಉಳಿದಿರುವುದು ಈ ಕಲ್ಲನ್ನು ಕೆತ್ತಿದವನ ಹೆಸರು. ಕೇತೋಜ.”

ಸ್ಟುಡಿಯೋದವರು ಪರದೆಯತ್ತ ಬಗ್ಗಿದರು. ಅವರ ಕಣ್ಣು ಅರಳಿತ್ತು.

“ಅಂದ್ರೆ ಅವಾಗ್ಲೂ ವಾಟರ್‌ಮಾರ್ಕ್ ಹಾಕ್ತಿದ್ರಾ ಮೇಡಂ?”

ಮೊದಲು ನಕ್ಕವರು ಮೇಷ್ಟ್ರು. ಆಮೇಲೆ ಇಡೀ ಚಪ್ಪರ. ಅಜ್ಜಿಗೆ ವಾಟರ್‌ಮಾರ್ಕ್ ಎಂದರೇನೆಂದು ನಾನೇ ವಿವರಿಸಬೇಕಾಯಿತು. ಅವರು ಪರದೆಯ ಮೇಲಿನ ಕೊನೆಯ ಸಾಲನ್ನು ಬೆರಳಿನಿಂದ ಮೆಲ್ಲಗೆ ಸವರಿದರು.

“ಪೂರ್ತಿ ಕಲ್ಲಲ್ಲಿ ಇವನ ಹೆಸರು ಒಂದೇ ಮಾಸದೆ ಇರೋದಾ?”

“ಹೌದಜ್ಜಿ.”

“ಇವನು ಕೆತ್ತದೇ ಇದ್ದಿದ್ರೆ ನಾನು ಯಾರಿಗೆ ದೀಪ ಹಚ್ತಿದ್ದೆ?”

ಮೊಮ್ಮಗನಿಗೆ ಅಜ್ಜಿಯ ಮನಸ್ಸು ಹೋಗುತ್ತಿರುವ ದಾರಿ ಕಂಡಿತು. “ಅಜ್ಜೀ, ಬೇಡ. ಸ್ಕೂಲಲ್ಲಿ ಎಲ್ಲಾ ನಗ್ತಾರೆ ಕಣಜ್ಜೀ.”

“ನಿನ್ನ ಹೆಸರು ಕೇಳಿ ಅಳ್ತಿದ್ರೇನ್ಲಾ?”

ಅಜ್ಜಿ ಕಂಬ ಹಿಡಿದು ಎದ್ದು ನಿಂತರು. ಲ್ಯಾಪ್‌ಟಾಪಿನಿಂದ ಕಾರ್ಡನ್ನು ತೆಗೆಸಿ, ಅದನ್ನು ಕವರಿನಲ್ಲಿ ಮಡಿಸಿ, ಸಂಚಿಯ ಒಳಗಿನ ಅರೆಗೆ ಸೇರಿಸಿ, ದಾರ ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಚಪ್ಪರದ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು:

“ಎಲ್ಲಾರೂ ಕೇಳ್ರಪ್ಪಾ. ಮಗು ಹೆಸರು ಕೇತೋಜ. ಕಲ್ಲಪ್ಪ ಕಲ್ಲಪ್ಪನೇ. ಈ ಕಾರ್ಡು ನನ್ನ ಸಂಚೀಲೇ ಇರುತ್ತೆ. ಈ ಮೂರು ಜನಕ್ಕೂ ಯಾರೂ ಕೊಡ್ಬೇಡಿ.”